ತಾಳೆಯಾಗದ ಕಚ್ಚು

ಆ ದಿನ ದಾರ ತುಂಡಾಗಲಿಲ್ಲ. ಎಲ್ಲ ಶುರುವಾಗಿದ್ದು ಅಲ್ಲಿಂದಲೇ. ಶೆಟ್ಟರ ಸೊಸೆಯ ರವಿಕೆಗೆ ಕೊನೆಯ ಕೊಕ್ಕೆ ಹೊಲಿದು, ಗಂಟು ಹಾಕಿ, ಎಂದಿನಂತೆ ದಾರವನ್ನು ಮುಂದಿನ ಹಲ್ಲಿಗೆ ಕೊಟ್ಟು ಕಚ್ಚಿದೆ. ಜಾರಿತು. ಮತ್ತೆ ಕಚ್ಚಿದೆ, ಮತ್ತೆ ಜಾರಿತು. ಹಿಂದಿನ ದವಡೆ ಹಲ್ಲು ಗಟ್ಟಿಯಾಗಿ ಕೂತಿದೆ, ಮುಂದಿನ ಮೇಲಿನ ಹಲ್ಲು ಕೆಳಗಿನ ಹಲ್ಲು ಮಾತ್ರ ಒಂದಕ್ಕೊಂದು ಮುಟ್ಟುತ್ತಿಲ್ಲ. ಅವೆರಡರ ನಡುವೆ ದಾರ ತನ್ನ ಮಾವನ ಮನೆ ಅನ್ನುವ ಹಾಗೆ ಹೋಗಿ ಬಂದು ಮಾಡುತ್ತಿದೆ. ಮೊದಲು ನಾನು ದಾರದ ಮೇಲೆ ಅನುಮಾನಪಟ್ಟೆ. ಅಂಗಡಿಯವನು ಕಳಪೆ ಮಾಲು ಕೊಟ್ಟಿದ್ದಾನೆ ಅಂತ ಹೋಗಿ ಜಗಳವನ್ನೂ ಆಡಿ ಬಂದೆ. ಅವನು ನನ್ನ ಮುಂದೆಯೇ ಅದೇ ದಾರವನ್ನು ಹಲ್ಲಲ್ಲಿ ಪಟ್ ಅಂತ ಕತ್ತರಿಸಿ ತೋರಿಸಿದ. ಆಗ ಗೊತ್ತಾಯಿತು, ಕೆಟ್ಟಿದ್ದು ದಾರವಲ್ಲ, ನನ್ನ ಕಚ್ಚು.

ನಮ್ಮೂರಲ್ಲಿ ಹಲ್ಲು ಅಂದರೆ ಹುಡುಗಾಟವಲ್ಲ. ಬೇರೆ ಕಡೆ ಸಹಿ ಹಾಕುತ್ತಾರಂತೆ, ಹೆಬ್ಬೆಟ್ಟು ಒತ್ತುತ್ತಾರಂತೆ. ಇಲ್ಲಿ ಕಚ್ಚಬೇಕು. ಯಾವ ಮನೆ ಯಾರದು, ಯಾವ ಹೆಸರು ಯಾರದು ಅನ್ನುವುದೆಲ್ಲ ಅಚ್ಚಿನ ಮನೆಯ ಕಪಾಟುಗಳಲ್ಲಿ ಜೇನುಮೇಣದ ಬಿಲ್ಲೆಗಳಾಗಿ ಕೂತಿದೆ. ಸೊಟ್ಟ ಕಚ್ಚಿನ ಮೇಲೆ ಮನೆ ನಿಲ್ಲುವುದಿಲ್ಲ ಅಂತ ಹಿರಿಯರು ಹೇಳಿಬಿಟ್ಟಿದ್ದರಿಂದ, ಮನೆ ಹೆಸರಿಗೆ ಬರುವ ಮುಂಚೆ ಹಲ್ಲು ಸೊಟ್ಟಗಿದ್ದವರು ಕ್ಲಿಪ್ ಹಾಕಿಸಿಕೊಂಡು ನೇರ ಮಾಡಿಸಿಕೊಳ್ಳಬೇಕು. ಅಮ್ಮ ಹೋದ ಮೇಲೆ ನಾನೂ ಹಾಕಿಸಿಕೊಂಡೆ, ಎರಡೂವರೆ ವರ್ಷ. ಮುದ್ದೆ ನುಂಗಿ ನುಂಗಿ ಬದುಕಿದೆ, ಚಕ್ಕುಲಿಯ ಮುಖ ನೋಡಲಿಲ್ಲ. ಕ್ಲಿಪ್ ತೆಗೆದ ದಿನವೇ ಹೋಗಿ ಬಿಲ್ಲೆ ಕಚ್ಚಿ ಬಂದೆ. ಮುಂದೆ ಹೊಲಿಗೆ ಅಂಗಡಿ, ಹಿಂದೆ ಎರಡು ಕೋಣೆ, ಅಮ್ಮ ಕಟ್ಟಿಸಿದ ಮನೆ, ಪದ್ಮಾಕ್ಷಿ ಅನ್ನುವ ನನ್ನ ಹೆಸರಿಗೆ ಬಂತು. ಅಲ್ಲಿಂದ ಒಂದು ವರ್ಷಕ್ಕೆ ತಾಳೆ ದಿನ. ಅವತ್ತು ಹೊಸ ಬಿಲ್ಲೆ ಕಚ್ಚಬೇಕು. ಹಳೇ ಅಚ್ಚಿನ ಮೇಲೆ ಅದು ಸರಿಯಾಗಿ ಕೂತರೆ ನೀನು ನೀನೇ. ಮೂರು ಸಲ ಕಚ್ಚಿದರೂ ಕೂರದಿದ್ದರೆ ನೀನು ಬೇರೆ ಯಾರೋ, ಹೆಸರು ಹೋಯಿತು, ಮನೆ ಅದೇ ತಾಯಿಯ ಇನ್ನೊಂದು ಮಗುವಿಗೆ. ನಮ್ಮ ಬೀದಿಯ ಹಿಟ್ಟಿನ ಗಿರಣಿಯವನು ಬಾವಿಕಟ್ಟೆಯ ಮೇಲೆ ಬಿದ್ದು ಎರಡು ಹಲ್ಲು ಮುರಿದುಕೊಂಡ. ಅವತ್ತಿನಿಂದ ಅವನ ಹೆತ್ತ ತಾಯಿಯೂ ಅವನನ್ನು ‘ಇಲ್ನೋಡಿ’ ಅಂತ ಕರೆಯುತ್ತಾಳೆ. ಪಾಪ, ಅವನಿಗೂ ಅಭ್ಯಾಸವಾಗಿದೆ.

ತಾಳೆ ದಿನಕ್ಕೆ ಇನ್ನು ಏಳು ವಾರ ಇತ್ತು. ಕನ್ನಡಿ ಮುಂದೆ ನಿಂತು ಹಲ್ಲು ಕಚ್ಚಿ, ಮುಂದಿನ ಸಂದಿಗೆ ಒಂದು ಪೋಸ್ಟ್ ಕಾರ್ಡ್ ತೂರಿಸಿ ನೋಡಿದೆ. ಆರಾಮಾಗಿ ಹೋಯಿತು. ಹತ್ತು ದಿನ ಬಿಟ್ಟು ಬೆಂಕಿಕಡ್ಡಿ ತೂರಿಸಿದೆ. ಅದೂ ಹೋಯಿತು. ಅಲ್ಲ ನೀವೇ ಹೇಳಿ, ತಂತಿ ಬಿಗಿದು ಕಟ್ಟಿಸಿದ ಹಲ್ಲು ತಾನಾಗಿ ಹೊರಟು ಹೋಗಲು ಅದಕ್ಕೇನು ಕಾಲು ಬಂದಿದೆಯಾ? ಯಾರೋ ತಳ್ಳಬೇಕು ತಾನೆ? ನನಗೆ ಅನುಮಾನದ ರೋಗ ಅಂತ ಬೀದಿಯವರು ಹೇಳುತ್ತಾರೆ. ಅದು ಅನುಮಾನವಲ್ಲ, ಎಚ್ಚರ. ಹಾಲಿನವಳು ನೀರು ಬೆರೆಸುತ್ತಾಳೆ ಅಂತ ಮೊದಲು ಹೇಳಿದವಳು ನಾನು. ಆಮೇಲೆ ಅದು ನಿಜವೇ ಆಯಿತು.

ಯಾರು ಅಂತ ಯೋಚನೆ ಮಾಡಿದಾಗ ದೂರ ಹೋಗುವ ಅಗತ್ಯವೇ ಬರಲಿಲ್ಲ. ಮನೆಯೊಳಗೆ ನನ್ನ ತಂಗಿ ಇಂದುಮತಿ ಇದ್ದಳಲ್ಲ, ಮನೆಯಲ್ಲಿ ‘ಇಂದು’ ಅಂತ ಕರೆಯುವುದು. ಹತ್ತು ವರ್ಷ ಬೇರೆ ಊರಿನ ಛಾಪಖಾನೆಯಲ್ಲಿ ಪುಸ್ತಕ ಹೊಲಿಯುವ ಕೆಲಸ ಮಾಡಿಕೊಂಡಿದ್ದವಳು, ಅದು ಮುಚ್ಚಿತು ಅಂತ ಒಂದು ಟ್ರಂಕು ಹೊತ್ತುಕೊಂಡು ನಾಲ್ಕು ತಿಂಗಳ ಹಿಂದೆ ಬಂದಿದ್ದಳು. ಬಂದವಳು ಸುಮ್ಮನೆ ಕೂರಲಿಲ್ಲ. ಅಡುಗೆ ಹಿಡಿದಳು, ಕಾಜಾ ಹೊಲಿದುಕೊಟ್ಟಳು, ನನ್ನ ಹಳೇ ಮೆಷಿನ್ನಿಗೆ ಎಣ್ಣೆ ಬಿಟ್ಟಳು. ಕೇಳದೆ ಇಷ್ಟೆಲ್ಲ ಮಾಡುವವರನ್ನು ಕಂಡರೆ ನನಗೆ ಮೊದಲಿಂದಲೂ ಆಗುವುದಿಲ್ಲ. ಅದೂ ಅಲ್ಲದೆ ಅವಳ ಹಲ್ಲು ಹುಟ್ಟಾ ನೇರ. ‘ನನ್ನ ಚಿಕ್ಕ ಮಗಳದು ದಾಳಿಂಬೆ ಹಲ್ಲು’ ಅಂತ ಅಮ್ಮ ಬಂದವರಿಗೆಲ್ಲ ತೋರಿಸುತ್ತಿದ್ದಳು, ನಾನು ಉಬ್ಬು ಹಲ್ಲನ್ನು ತುಟಿಯಲ್ಲಿ ಮುಚ್ಚಿಕೊಂಡು ಪಕ್ಕದಲ್ಲೇ ನಿಂತಿರುತ್ತಿದ್ದೆ. ನನ್ನ ಕಚ್ಚು ಕೆಟ್ಟರೆ ಮನೆ ಯಾರಿಗೆ? ಅವಳಿಗೆ. ತಂತಿಯಿಲ್ಲ, ಕಷ್ಟವಿಲ್ಲ, ಹೋಗಿ ಕಚ್ಚಿದರೆ ಮುಗಿಯಿತು.

ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯತೊಡಗಿದೆ. ಒಂದೊಂದಾಗಿ ಸಿಕ್ಕಿದವು ನೋಡಿ. ಊಟಕ್ಕೆ ಕೂತರೆ ಅವಳ ಕಣ್ಣು ತನ್ನ ತಟ್ಟೆಯ ಮೇಲೆ ಇರುತ್ತಿರಲಿಲ್ಲ, ನನ್ನ ಬಾಯಿಯ ಮೇಲೆ. ನಾನು ನೀರು ಕುಡಿದರೆ ನೋಡುತ್ತಾಳೆ, ಎಂಜಲು ನುಂಗಿದರೂ ನೋಡುತ್ತಾಳೆ. ‘ಏನೇ ಅದು, ಬಾಯಲ್ಲಿ ಸಿನಿಮಾ ಓಡ್ತಿದೆಯಾ?’ ಅಂತ ಒಂದು ದಿನ ಗದರಿದೆ. ‘ಏನಿಲ್ಲ ಅಕ್ಕ’ ಅಂತ ತಲೆ ತಗ್ಗಿಸಿದಳು. ಏನಿಲ್ಲ ಅನ್ನುವವರ ಹತ್ತಿರವೇ ಎಲ್ಲ ಇರುವುದು. ಇನ್ನೊಂದು ದಿನ, ಕ್ಲಿಪ್ ತೆಗೆದ ಮೇಲೆ ಹಾಕಿಕೊಳ್ಳಲು ಡಾಕ್ಟರು ಕೊಟ್ಟಿದ್ದ ಪ್ಲೇಟಿನ ಡಬ್ಬಿ ಕಿಟಕಿಯಿಂದ ಮೇಜಿನ ಮೇಲೆ ಬಂದಿತ್ತು. ಕೇಳಿದರೆ, ‘ಧೂಳು ಕೂತಿತ್ತು, ತೊಳೆದಿಟ್ಟೆ. ನೀನು ಇದನ್ನ ಹಾಕ್ಕೊಳ್ತಾನೇ ಇಲ್ವಲ್ಲಕ್ಕ?’ ಅಂದಳು. ನಾನು ಪ್ಲೇಟು ಹಾಕಿಕೊಳ್ಳದೆ ಎಷ್ಟು ತಿಂಗಳಾಯಿತು ಅನ್ನುವುದು ಇಲ್ಲಿ ಮುಖ್ಯವಲ್ಲ. ಹೊಲಿಯುವವಳು ನಾನು, ಬಾಯಲ್ಲಿ ಗುಂಡುಪಿನ್ನು ಹಿಡಿಯಬೇಕು, ಗಿರಾಕಿಗಳ ಹತ್ತಿರ ಮಾತಾಡಬೇಕು, ಪ್ಲೇಟು ಹಾಕಿಕೊಂಡರೆ ಮಾತೆಲ್ಲ ತೊದಲುತ್ತದೆ. ಮುಖ್ಯವಾದದ್ದು ಏನೆಂದರೆ, ಅವಳು ಅದನ್ನು ಮುಟ್ಟಿದ್ದಳು. ಬಿಸಿನೀರಲ್ಲಿ ತೊಳೆದು ಸೊಟ್ಟ ಮಾಡಿದ್ದರೆ?

ಅವತ್ತಿನಿಂದ ನಾನು ಬೇರೆ ಬೇಯಿಸಿಕೊಂಡು ತಿಂದೆ. ಅವಳು ಮಾಡಿದ ಕೋಡುಬಳೆ ಡಬ್ಬಿಯಲ್ಲೇ ಮೆತ್ತಗಾಯಿತು. ‘ಯಾಕಕ್ಕ, ಉಪ್ಪು ಜಾಸ್ತಿ ಆಗಿತ್ತಾ?’ ಅಂತ ಎರಡು ಸಲ ಕೇಳಿದಳು. ಆಡಿದರೆ ಬಣ್ಣಗೇಡು ಅಂತ ಬಾಯಿ ಮುಚ್ಚಿಕೊಂಡು ಹೊಲಿಯುತ್ತ ಕೂತೆ.

ಕೊನೆಗೆ ತಂತಿ ಡಾಕ್ಟರ ಹತ್ತಿರ ಹೋದೆ. ಊರಲ್ಲಿ ಎಲ್ಲರ ಹಲ್ಲಿಗೂ ಕ್ಲಿಪ್ ಹಾಕುವವರು ಅವರೇ, ಹೆಸರು ಗುರುಮಲ್ಲಪ್ಪ. ಬಾಯೊಳಗೆ ಚಿಕ್ಕ ಕನ್ನಡಿ ಹಿಡಿದು ನೋಡಿದರು. ‘ಒಂದು ಗುಟುಕು ನೀರು ತಗೊಳ್ಳಿ. ಈಗ ನುಂಗಿ’ ಅಂದರು. ಎರಡು ಬೆರಳಲ್ಲಿ ನನ್ನ ತುಟಿ ಅಗಲಿಸಿ ಹಿಡಿದುಕೊಂಡು, ‘ಹೂಂ’ ಅಂದರು. ‘ಪದ್ಮಾಕ್ಷಮ್ಮ, ನಿಮ್ಮ ನಾಲಿಗೆ ಹಲ್ಲನ್ನ ತಳ್ಳುತ್ತಿದೆ. ನುಂಗುವಾಗ ನಾಲಿಗೆ ಮೇಲಕ್ಕೆ ಹೋಗಿ ಅಂಗುಳಕ್ಕೆ ಅಂಟಬೇಕು. ನಿಮ್ಮದು ನೇರ ಮುಂದಕ್ಕೆ ನುಗ್ಗುತ್ತೆ. ಚಿಕ್ಕಂದಿನ ಅಭ್ಯಾಸ. ಮನುಷ್ಯ ದಿನಕ್ಕೆ ಸಾವಿರ ಸಲವಾದರೂ ನುಂಗ್ತಾನೆ. ಸಾವಿರ ಸಲ ತಳ್ಳಿದರೆ ಗೋಡೆನೂ ಸರಿಯುತ್ತೆ, ಹಲ್ಲು ಯಾವ ಲೆಕ್ಕ? ಪ್ಲೇಟು ಹಾಕ್ತಿದ್ರಾ?’

ನಾನು ಆ ಪ್ರಶ್ನೆ ಕೇಳಿಸದವಳ ಹಾಗೆ ಕೂತೆ. ನನ್ನದೇ ನಾಲಿಗೆಯಂತೆ! ತಾನು ಕಟ್ಟಿದ ತಂತಿ ನಿಲ್ಲಲಿಲ್ಲ, ಅದಕ್ಕೆ ಈಗ ನನ್ನ ನಾಲಿಗೆಯ ಮೇಲೆ ಗೂಬೆ ಕೂರಿಸುತ್ತಿದ್ದಾನೆ ಅಂದುಕೊಂಡೆ. ಅಷ್ಟರಲ್ಲಿ ಡಾಕ್ಟರು ಕೈ ಒರೆಸಿಕೊಳ್ಳುತ್ತ, ‘ನಿಮ್ಮ ತಂಗಿ ಹೇಳಿದ್ದು ಸರಿಯಾಗೇ ಇದೆ’ ಅಂದರು. ನನ್ನ ಕಿವಿ ನೆಟ್ಟಗಾಯಿತು. ‘ಯಾವ ತಂಗಿ?’ ‘ಇಂದುಮತಿಯವರು. ಹೋದ ವಾರ ಬಂದಿದ್ದರಲ್ಲ. ಅಕ್ಕನ ನಾಲಿಗೆ ಹೊರಗೆ ಬರುತ್ತೆ, ನಾನು ಹೇಳಿದರೆ ಕೇಳಲ್ಲ, ನೀವೇ ಹೇಳಿ ಅಂದರು.’

ಓಹೋ! ಬೆಂಕಿಯಿಲ್ಲದೆ ಹೊಗೆಯಾಡುವುದಿಲ್ಲ. ನನಗಿಂತ ಮುಂಚೆ ನನ್ನ ಡಾಕ್ಟರ ಹತ್ತಿರ ಬಂದು, ಏನು ಹೇಳಬೇಕು ಅಂತ ಇಬ್ಬರೂ ಮಾತಾಡಿಕೊಂಡಿದ್ದಾರೆ. ನಾನು ಅಲ್ಲಿಂದ ಎದ್ದವಳು ಮನೆಗೆ ಹೋಗಲಿಲ್ಲ, ಸೀದಾ ಅಚ್ಚಿನ ಮನೆಗೆ ಹೋದೆ. ಅಲ್ಲಿಯ ಅಧಿಕಾರಿ ವೆಂಕೋಬರಾಯರು ಊಟಕ್ಕೆ ಏಳುವ ಹೊತ್ತು. ‘ದೂರು ಕೊಡಬೇಕು’ ಅಂದೆ. ‘ಯಾರ ಮೇಲೆ?’ ‘ಇಂದುಮತಿ ಅಂತ. ನನ್ನ ಒಡಹುಟ್ಟಿದವಳು. ನನ್ನ ಕಚ್ಚು ಕೆಡಿಸ್ತಿದ್ದಾಳೆ.’ ಅವರು ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. ‘ಯೋಚನೆ ಮಾಡಿದೀರಾ ತಾಯಿ? ಕಚ್ಚು ಕೆಡಿಸಿದ್ದು ರುಜುವಾತಾದರೆ ಊರು ಬಿಡಿಸ್ತಾರೆ.’ ‘ಯೋಚನೆ ಮಾಡೇ ಬಂದಿದ್ದೀನಿ’ ಅಂದೆ. ಹಸಿವಾಗಿತ್ತೇನೋ, ಅವರು ಹೆಚ್ಚು ಕೇಳಲಿಲ್ಲ. ದೂರು ಬರೆದು, ಕೆಳಗೆ ಒಂದು ಮೇಣದ ಬಿಲ್ಲೆ ಅಂಟಿಸಿದರು. ನಾನು ಕಚ್ಚಿದೆ. ಹಳೇ ಅಚ್ಚಿನ ಜೊತೆ ಅದನ್ನು ಇಟ್ಟು ನೋಡದೆಯೇ ಮೊಹರು ಒತ್ತಿ, ‘ತಾಳೆ ದಿನ ವಿಚಾರಣೆ’ ಅಂದು ಕಪಾಟಿಗೆ ಸೇರಿಸಿದರು. ಮನೆಗೆ ಬರುವಾಗ ಏನೋ ಗೆದ್ದ ಹಾಗಿತ್ತು. ಈಗ ನೆನೆಸಿಕೊಂಡರೆ ನಾಚಿಕೆಯಾಗುತ್ತದೆ, ಆದರೆ ಇದ್ದದ್ದನ್ನು ಇದ್ದ ಹಾಗೇ ಹೇಳಬೇಕಲ್ಲ.

ದೂರಿಗೆ ರುಜುವಾತು ಬೇಕು. ಮರುದಿನವೇ ಅವಳನ್ನು ಹಿಡಿಯಲು ಒಂದು ಉಪಾಯ ಮಾಡಿದೆ. ಗಿರಾಕಿಗಳು ರವಿಕೆ ಹಾಕಿ ನೋಡಿಕೊಳ್ಳುವ ಉದ್ದ ಕನ್ನಡಿಯನ್ನು ತಂದು ಮೆಷಿನ್ನಿನ ಎದುರಿಗೇ ನಿಲ್ಲಿಸಿದೆ. ನಾನು ಹೊಲಿಯುತ್ತಿದ್ದರೂ ಬೆನ್ನ ಹಿಂದಿನ ಅಡುಗೆಮನೆ, ಪ್ಲೇಟಿನ ಡಬ್ಬಿ, ಅವಳ ಕೈ, ಎಲ್ಲ ಕಾಣಬೇಕು. ಮಧ್ಯಾಹ್ನ ಮೂರು ಗಂಟೆಯ ಬಿಸಿಲು ಬೀದಿಬಾಗಿಲಿಂದ ಬಂದು ಕನ್ನಡಿಗೆ ಹೊಡೆದು ಕೋಣೆಯೆಲ್ಲ ಬೆಳಕಾಗಿತ್ತು. ಇಂದು ಒಳಗೆ ಕೂತು ಸಬ್ಬಕ್ಕಿ ಆರಿಸುತ್ತಿದ್ದಳು. ನಾನು ತುಟಿಯಂಚಲ್ಲಿ ಎರಡು ಗುಂಡುಪಿನ್ನು ಕಚ್ಚಿಕೊಂಡು, ಹೊಲಿಗೆಯ ಕಡೆ ತಲೆ ಬಗ್ಗಿಸಿದ ಹಾಗೆ ಮಾಡಿ, ಕಣ್ಣು ಮಾತ್ರ ಕನ್ನಡಿಯಲ್ಲಿ ಇಟ್ಟಿದ್ದೆ. ಅವಳು ಅಲುಗಲಿಲ್ಲ. ಹೊತ್ತಾಯಿತು. ಬಾಯಲ್ಲಿ ನೀರು ತುಂಬಿತು, ನುಂಗಿದೆ. ಆಗ ಕನ್ನಡಿಯಲ್ಲಿ ಏನೋ ಕೆಂಪಗೆ ಚಕ್ಕನೆ ಹೊರಗೆ ಬಂದು ಒಳಗೆ ಹೋಯಿತು.

ಪಿನ್ನು ತೆಗೆದಿಟ್ಟೆ. ಇನ್ನೊಮ್ಮೆ ನುಂಗಿದೆ. ಮತ್ತೆ ಬಂತು. ಮೇಲಿನ ಹಲ್ಲು ಕೆಳಗಿನ ಹಲ್ಲಿನ ನಡುವಿನ ಸಂದಿಯಲ್ಲಿ ನನ್ನ ನಾಲಿಗೆಯ ತುದಿ, ಬಾಗಿಲ ಸಂದಿಯಲ್ಲಿ ಇಣುಕುವ ಬೀದಿಬಸವಿಯ ಹಾಗೆ, ಹಲ್ಲನ್ನು ದಬ್ಬಿ, ಏನೂ ಗೊತ್ತಿಲ್ಲದ ಹಾಗೆ ಹಿಂದಕ್ಕೆ ಹೋಯಿತು. ಅಯ್ಯೋ ನನ್ನ ಕರ್ಮವೇ! ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದಳಂತೆ. ನುಂಗಿದೆ, ನುಂಗಿದೆ, ಹದಿನೈದು ಸಲ ನುಂಗಿರಬೇಕು. ಒಂದು ಸಲವಾದರೂ ನಾಲಿಗೆ ಸುಮ್ಮನಿರಲಿ ಅಂತ ದೇವರಿಗೆ ಬೇಡಿಕೊಂಡೆ. ಒಂದು ಸಲವೂ ಇರಲಿಲ್ಲ. ಕನ್ನಡಿಯಲ್ಲಿ ನನ್ನ ಹಿಂದೆ ಇಂದು ಬಂದು ನಿಂತಿದ್ದಳು. ನನ್ನ ಕಣ್ಣಲ್ಲಿ ನೀರು ಬಂದಿದ್ದು ಅವಳಿಗೆ ಕಂಡಿತು. ‘ನೋಡಿದೆಯಾ ಅಕ್ಕ?’ ಅಂದಳು. ನಾನು ತಲೆಯಾಡಿಸಿದೆ.

ತಾಳೆ ದಿನಕ್ಕೆ ಇಪ್ಪತ್ತೆರಡು ದಿನ ಉಳಿದಿತ್ತು. ಡಾಕ್ಟರು ಹೇಳಿಕೊಟ್ಟಿದ್ದ ಅಭ್ಯಾಸವನ್ನು ಅವಳು ಆಗಲೇ ಕಲಿತು ಇಟ್ಟುಕೊಂಡಿದ್ದಳು. ಒಂದು ಹಸಿ ಸಬ್ಬಕ್ಕಿ ಕಾಳನ್ನು ನಾಲಿಗೆಯ ತುದಿಯಲ್ಲಿ ಇಟ್ಟು, ಅದನ್ನು ಮೇಲಿನ ಹಲ್ಲಿನ ಹಿಂದೆ ಅಂಗುಳದ ಉಬ್ಬಿಗೆ ಒತ್ತಿ ಹಿಡಿಯಬೇಕು. ದವಡೆ ಕಚ್ಚಬೇಕು. ಕಾಳು ಬೀಳದ ಹಾಗೆ ಎಂಜಲು ನುಂಗಬೇಕು. ಕೇಳಲು ಸುಲಭ, ನೀವೇ ಮಾಡಿ ನೋಡಿ. ಮೊದಲ ದಿನ ಕಾಳೆಲ್ಲ ನನ್ನ ಮಡಿಲಲ್ಲಿತ್ತು. ಎರಡನೆಯ ದಿನ ಮೂರು ಕಾಳು ಗಂಟಲಿಗೆ ಹೋಗಿ ಕೆಮ್ಮಿ ಕೆಮ್ಮಿ ಸತ್ತೆ. ಇಂದು ಕೈಗನ್ನಡಿ ಹಿಡಿದುಕೊಂಡು ಎದುರಿಗೆ ಕೂತಿರುತ್ತಿದ್ದಳು. ನಾಲಿಗೆ ಮುಂದೆ ಬಂದ ತಕ್ಷಣ ತನ್ನ ಮೇಲ್ದುಟಿಯನ್ನು ಬೆರಳಲ್ಲಿ ಮುಟ್ಟಿಕೊಂಡು ಸನ್ನೆ ಮಾಡುತ್ತಿದ್ದಳು, ಮೇಲೆ, ಮೇಲೆ ಅಂತ. ಮೂವತ್ತಾರು ವರ್ಷದವಳು ನಾನು, ನುಂಗುವುದನ್ನು ಕಲಿಯುತ್ತಿದ್ದೆ! ‘ಹುಟ್ಟಿದ ಮಗು ಮೊದಲನೇ ದಿನ ಕಲಿಯೋ ವಿದ್ಯೆ ಕಣೇ ಇದು’ ಅಂತ ರೇಗಿದೆ. ‘ಆ ಮಗು ಕಲಿತಿದ್ದನ್ನೇ ನೀನು ಇನ್ನೂ ಬಿಟ್ಟಿಲ್ಲ, ಅದೇ ತೊಂದರೆ’ ಅಂದಳು. ಇಬ್ಬರಿಗೂ ನಗು ಬಂತು. ಅಮ್ಮ ಹೋದ ಮೇಲೆ ಆ ಮನೆಯಲ್ಲಿ ಇಬ್ಬರು ಸೇರಿ ನಕ್ಕಿದ್ದು ಅದೇ ಮೊದಲು.

ನಕ್ಕಾಗಲೆಲ್ಲ ನನಗೆ ಆ ದೂರು ನೆನಪಾಗುತ್ತಿತ್ತು. ಎದೆಯಲ್ಲಿ ಮುಳ್ಳು. ಒಂದು ಬೆಳಗ್ಗೆ ಗುಂಡಿ ತರುವ ನೆಪ ಹೇಳಿ ಅಚ್ಚಿನ ಮನೆಗೆ ಹೋದೆ. ‘ಸ್ವಾಮಿ, ದೂರು ವಾಪಸ್ ತಗೋತೀನಿ.’ ವೆಂಕೋಬರಾಯರು ಹೊಸ ಬಿಲ್ಲೆ ಎತ್ತಿಕೊಂಡರು. ‘ಧಾರಾಳವಾಗಿ. ಆದರೆ ವಾಪಸ್ ತಗೊಳ್ಳೋಕೆ ನಿಮ್ಮ ಮೂಲದ ಅಚ್ಚಿನ ಜೊತೆ ತಾಳೆ ನೋಡಬೇಕಾಗುತ್ತೆ. ಕಚ್ಚಿ.’ ಮೇಣ ನನ್ನ ತುಟಿಯ ಹತ್ತಿರ ಬಂತು. ಈಗ ಕಚ್ಚಿದರೆ ಕೂರುವುದಿಲ್ಲ, ಮನೆ ಇವತ್ತೇ ಹೋಗುತ್ತದೆ. ‘ಆಮೇಲೆ ಬರ್ತೀನಿ’ ಅಂದು ಬಂದುಬಿಟ್ಟೆ. ಇಂದುಗೆ ಹೇಳಿಬಿಡೋಣ ಅಂತ ಎಷ್ಟೋ ಸಲ ಬಾಯಿ ತೆರೆದೆ. ತೆರೆದ ಬಾಯಿಗೆ ಅವಳು ಸಬ್ಬಕ್ಕಿ ಹಾಕಿಬಿಡುತ್ತಿದ್ದಳು. ಹೇಡಿ ನಾನು, ಅದನ್ನೇ ನೆಪ ಮಾಡಿಕೊಂಡೆ.

ಹೋಗಲಿ, ಹಲ್ಲು ಕೂಡಿಬಿಟ್ಟರೆ ಎಲ್ಲ ಸರಿಹೋಗುತ್ತದೆ ಅಂತ ಧೈರ್ಯ ತಂದುಕೊಂಡೆ. ಡಾಕ್ಟರು ಹಳೇ ಪ್ಲೇಟನ್ನು ಸ್ವಲ್ಪ ಬಿಗಿ ಮಾಡಿ ಕೊಟ್ಟರು, ಹಗಲೂ ಹಾಕಿಕೊಂಡೆ. ಗಿರಾಕಿಗಳ ಮುಂದೆ ತೊದಲಿದೆ, ಅವರು ನಕ್ಕರೆ ನಗಲಿ ಅಂತ ಬಿಟ್ಟೆ. ಹದಿನೈದನೆಯ ದಿನ ಬೆಂಕಿಕಡ್ಡಿ ಸಂದಿಯಲ್ಲಿ ತೂರಲಿಲ್ಲ. ನಾವಿಬ್ಬರೂ ಪಾಯಸ ಮಾಡಿ ಕುಡಿದೆವು. ಆದರೆ ಪೋಸ್ಟ್ ಕಾರ್ಡ್ ಹೋಗುತ್ತಲೇ ಇತ್ತು. ‘ಮೂರು ತಿಂಗಳು ಕೊಟ್ಟಿದ್ದರೆ ಕೂಡಿಸಿಬಿಡ್ತಿದ್ದೆ’ ಅಂದರು ಡಾಕ್ಟರು. ಮೂರು ತಿಂಗಳು ಯಾರ ಹತ್ತಿರ ಇತ್ತು?

ತಾಳೆ ದಿನ ಬಂತು. ಅಚ್ಚಿನ ಮನೆಯ ಪಡಸಾಲೆ ತುಂಬ ಜನ, ಎಲ್ಲರೂ ಒಗೆದ ಬಟ್ಟೆ ಉಟ್ಟು, ಬಾಯಿ ಮುಕ್ಕಳಿಸಿ ಬಂದಿದ್ದರು. ಇಂದು ನನ್ನ ಜೊತೆಗೇ ಬಂದಳು, ಬೇಡ ಅಂದರೂ ಕೇಳಲಿಲ್ಲ. ನನ್ನ ಸರದಿ ಬಂದಾಗ ವೆಂಕೋಬರಾಯರು ಹೋದ ವರ್ಷದ ಬಿಲ್ಲೆ ತೆಗೆದಿಟ್ಟರು. ಹಲ್ಲು ಕೂಡಿಸಿದ ಅಂದಿನ ಅಚ್ಚು, ಎಷ್ಟು ಚೆಂದ ಇತ್ತು ಅಂತೀರಿ. ಮೊದಲ ಸಲ ಕಚ್ಚಿದೆ. ಇಟ್ಟು ನೋಡಿದರು, ಕೂರಲಿಲ್ಲ. ಎರಡನೆಯ ಸಲ ದವಡೆ ಮುರಿಯುವ ಹಾಗೆ ಕಚ್ಚಿದೆ. ಕೂರಲಿಲ್ಲ. ಮೂರನೆಯದನ್ನು ಕಣ್ಣು ಮುಚ್ಚಿ, ನಾಲಿಗೆಯನ್ನು ಅಂಗುಳಕ್ಕೆ ಒತ್ತಿ ಹಿಡಿದು ಕಚ್ಚಿದೆ. ಅವರು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು, ಪಾಪ, ಅವರಿಗೂ ಬೇಕಿರಲಿಲ್ಲ. ‘ಇಲ್ಲ ತಾಯಿ’ ಅಂದರು. ಪಡಸಾಲೆಯಲ್ಲಿ ಗುಸುಗುಸು ಎದ್ದಿತು.

ಆಮೇಲೆ ಅವರು ಆ ದೂರಿನ ಕಾಗದ ತೆಗೆದರು. ‘ಪದ್ಮಾಕ್ಷಿ ಅನ್ನೋ ಹೆಸರಲ್ಲಿ ಇಂದುಮತಿಯವರ ಮೇಲೆ ಒಂದು ದೂರು ಇದೆ. ಕಚ್ಚು ಕೆಡಿಸಿದ್ದಾರೆ ಅಂತ’ ಎಂದು ಎಲ್ಲರಿಗೂ ಕೇಳುವ ಹಾಗೆ ಓದಿದರು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ‘ಇದರ ಕೆಳಗಿನ ಕಚ್ಚು ಹಳೇ ಅಚ್ಚಿಗೂ ಕೂರಲ್ಲ, ಇವತ್ತಿನದಕ್ಕೂ ಕೂರಲ್ಲ, ನಾನು ಕಣ್ಣಾರೆ ಕಂಡಿದ್ದು ಇಲ್ಲಿ ಲೆಕ್ಕಕ್ಕಿಲ್ಲ. ಈಗ ಒಂದೇ ಪ್ರಶ್ನೆ. ಈ ದೂರು ಕೊಟ್ಟಿದ್ದು ನೀವಾ? ಹೌದು ಅಂದರೆ, ನಿಮ್ಮ ಕಚ್ಚು ಕೆಟ್ಟಿರೋದು ಇನ್ನೊಬ್ಬರ ತಪ್ಪಿನಿಂದ. ಕಚ್ಚು ಕೆಟ್ಟಿದೆ ಅನ್ನೋದೇ ರುಜುವಾತು. ಮನೆ ನಿಮ್ಮದೇ, ಹೆಸರೂ ನಿಮ್ಮದೇ, ಹೊಸ ಅಚ್ಚು ತಗೊಂಡುಬಿಡ್ತೀವಿ. ಇಂದುಮತಿಯವರು ಸಂಜೆಯೊಳಗೆ ಊರು ಬಿಡಬೇಕು. ಅಲ್ಲ ಅಂದರೆ ದೂರು ಸುಳ್ಳು, ಹರಿದುಹಾಕ್ತೀವಿ. ಆದರೆ ತಾಳೆಯಾಗದ ಕಚ್ಚಿಗೆ ಮನೆಯಿಲ್ಲ, ಹೆಸರಿಲ್ಲ. ಮನೆ ಅವರಿಗೆ ಹೋಗುತ್ತೆ.’

ಹೌದು ಅನ್ನುವ ಒಂದು ಮಾತು. ಅದು ಸುಳ್ಳೂ ಅಲ್ಲ, ದೂರು ಕೊಟ್ಟಿದ್ದು ನಾನೇ. ಅಮ್ಮನ ಮನೆ, ನನ್ನ ಮೆಷಿನ್ನು, ಬೋರ್ಡಿನ ಮೇಲೆ ಬರೆಸಿದ್ದ ಹೆಸರು, ಎಲ್ಲ ಕಣ್ಣ ಮುಂದೆ ಬಂತು. ಸುಳ್ಳು ಯಾಕೆ ಹೇಳಲಿ, ಆ ಗಳಿಗೆಯಲ್ಲೂ ನನ್ನ ತಲೆಯೊಳಗಿನ ಹಳೇ ಹುಳು ಎದ್ದು ಕೂತಿತು. ಇಪ್ಪತ್ತೆರಡು ದಿನ ಇವಳು ಮಾಡಿಸಿದ ಅಭ್ಯಾಸದಿಂದಲೇ ಕಚ್ಚು ಹಾಳಾಗಿದ್ದರೆ? ಬೇಕಂತಲೇ ನಿಧಾನ ಮಾಡಿಸಿದ್ದರೆ? ನಾನು ಸೋತರೆ ಗೆಲ್ಲುವವಳು ಇವಳೇ ತಾನೆ? ತಿರುಗಿ ಅವಳನ್ನು ನೋಡಿದೆ. ಕಳ್ಳಿಯ ಮುಖ ಇದ್ದರೆ ಇವತ್ತು ಕಾಣಲೇಬೇಕು ಅಂತ ನೋಡಿದೆ. ಅವಳು ವೆಂಕೋಬರಾಯರನ್ನು ನೋಡುತ್ತಿರಲಿಲ್ಲ, ಕಾಗದವನ್ನೂ ನೋಡುತ್ತಿರಲಿಲ್ಲ. ನನ್ನ ಬಾಯನ್ನು ನೋಡುತ್ತಿದ್ದಳು. ಹೆದರಿಕೆಗೆ ನಾನು ಎಂಜಲು ನುಂಗಿದೆ. ಅವಳ ಬೆರಳು ಮೆಲ್ಲಗೆ ತನ್ನ ಮೇಲ್ದುಟಿಗೆ ಹೋಯಿತು.

‘ಅಲ್ಲ’ ಅಂದೆ. ‘ಆ ದೂರು ನಂದಲ್ಲ.’ ದನಿ ನನ್ನದು ಅಂತ ನನಗೇ ಅನ್ನಿಸಲಿಲ್ಲ. ವೆಂಕೋಬರಾಯರು ಕಾಗದವನ್ನು ಎರಡಾಗಿ ಹರಿದರು. ನನ್ನ ಬಿಲ್ಲೆಯನ್ನು ಕಪಾಟಿನ ಬೇರೆ ಖಾನೆಗೆ ಹಾಕಿದರು. ಇಂದುವನ್ನು ಕರೆದು ಮೇಣ ಕೊಟ್ಟರು, ಅವಳು ಕಚ್ಚಿದಳು, ದಾಳಿಂಬೆ ಬೀಜ ಜೋಡಿಸಿದ ಹಾಗೆ ಅಚ್ಚು ಬಿತ್ತು. ಮನೆ ಅವಳದಾಯಿತು. ಮೂವತ್ತಾರು ವರ್ಷ ಪದ್ಮಾಕ್ಷಿಯಾಗಿದ್ದವಳು ಪಡಸಾಲೆಯ ಕಂಬಕ್ಕೆ ಒರಗಿ ನಿಂತೆ. ಹಿಂದೆ ಯಾರೋ ‘ಇಲ್ನೋಡಿ, ಸ್ವಲ್ಪ ಜಾಗ ಬಿಡಿ’ ಅಂದರು. ನನಗೇ ಅಂದಿದ್ದು.

ವೆಂಕೋಬರಾಯರು ಪುಸ್ತಕ ತೆರೆದು ಇಂದುವನ್ನು ಕೇಳಿದರು, ‘ನಿಮ್ಮ ಮನೆಯಲ್ಲಿ ಇನ್ನು ಮುಂದೆ ಇರೋರು ಯಾರು ಯಾರು? ಇವರು ಇರೋದಾದರೆ ಏನಂತ ಬರ್ಕೊಳ್ಳಲಿ? ಹೆಸರಿಲ್ಲದವರಿಗೆ ಯಜಮಾನರು ಬೇಕಾದರೆ ಒಂದು ಹೆಸರು ಕೊಡಬಹುದು. ಬೇಡ ಅಂದರೆ ಖಾಲಿ ಬಿಡ್ತೀನಿ.’ ಎಷ್ಟೋ ಮನೆಗಳಲ್ಲಿ ಆ ಸಾಲು ಖಾಲಿಯೇ ಇದೆ ಅಂತ ಎಲ್ಲರಿಗೂ ಗೊತ್ತು. ಇಂದು ಒಂದು ಕ್ಷಣವೂ ಯೋಚಿಸಲಿಲ್ಲ. ‘ಅಕ್ಕ ಅಂತ ಬರ್ಕೊಳ್ಳಿ.’ ‘ಅದು ಹೆಸರಲ್ಲಮ್ಮ, ಸಂಬಂಧ.’ ‘ನನಗೆ ಮಾತು ಬಂದಾಗಿನಿಂದ ಅವಳಿಗೆ ಅದೇ ಹೆಸರು. ಬರ್ಕೊಳ್ಳಿ.’ ಬರೆದುಕೊಂಡರು. ಹಾಗಾಗಿ ನಮ್ಮೂರಿನ ಪುಸ್ತಕದಲ್ಲಿ ನಾನೀಗ ಅಕ್ಕ. ಎಂಬತ್ತು ವರ್ಷದ ಶೆಟ್ಟರ ತಾಯಿಯೂ ರವಿಕೆ ಹೊಲಿಸಲು ಬಂದರೆ ನನ್ನನ್ನು ಅಕ್ಕ ಅಂತಲೇ ಕರೆಯಬೇಕು.

ಮೆಟ್ಟಿಲು ಇಳಿಯುವಾಗ ನನಗೆ ತಡೆಯಲಾಗಲಿಲ್ಲ. ಜನರ ಮಧ್ಯದಲ್ಲೇ ಅವಳ ಸೆರಗು ಹಿಡಿದು ನಿಲ್ಲಿಸಿದೆ. ‘ಇಂದು, ಆ ದೂರು ಕೊಟ್ಟಿದ್ದು ನಾನೇ ಕಣೇ.’

‘ಗೊತ್ತು’ ಅಂದಳು. ‘ಕೊಟ್ಟ ದಿನ ಸಂಜೆನೇ ಅಚ್ಚಿನ ಮನೆಯಿಂದ ನನಗೆ ಚೀಟಿ ಬಂತು. ನೀನು ಆಗ ಬಟ್ಟೆ ಕೊಡೋಕೆ ಹೋಗಿದ್ದೆ.’

ಲೆಕ್ಕ ಹಾಕಿದೆ. ಕನ್ನಡಿಗೂ ಮುಂಚೆ. ಮೊದಲನೇ ಸಬ್ಬಕ್ಕಿ ಕಾಳಿಗೂ ಮುಂಚೆ. ಆ ಇಪ್ಪತ್ತೆರಡು ದಿನವೂ, ನಾನು ಕೆಮ್ಮಿದಾಗಲೂ, ರೇಗಿದಾಗಲೂ, ಪಾಯಸ ಕುಡಿದಾಗಲೂ ಅವಳಿಗೆ ಗೊತ್ತಿತ್ತು. ‘ಗೊತ್ತಿದ್ದೂ ಯಾಕೆ ಸುಮ್ಮನಿದ್ದೆ? ಟ್ರಂಕು ತಗೊಂಡು ಹೊರಟುಹೋಗಬಾರದಾಗಿತ್ತಾ?’

ಅವಳು ಸೆರಗು ಬಿಡಿಸಿಕೊಂಡಳು. ಅವಳ ಕಣ್ಣಲ್ಲೂ ನೀರಿತ್ತು, ಕೋಪವೂ ಇತ್ತು. ಆ ಕೋಪ ಕಂಡು ನನಗೆ ಸ್ವಲ್ಪ ಉಸಿರು ಬಂತು. ‘ಹೋಗೋಣ ಅಂತಾನೇ ಟ್ರಂಕು ಕಟ್ಟಿದ್ದೆ. ಮಾರನೇ ದಿನ ನೋಡಿದರೆ ನೀನು ಕನ್ನಡಿ ಮುಂದೆ ಒಬ್ಬಳೇ ಕೂತು ಅಳ್ತಾ ನುಂಗ್ತಾ ಇದ್ದೆ’ ಅಂದಳು. ‘ನಾನು ಹೋಗಿದ್ದರೆ ನಿನ್ನ ಬಾಯಿ ಯಾರು ನೋಡ್ತಿದ್ದರು?’